ಡಿಕ್ಕಿಯೊಳಗ ನೀರು ಬರತಿದ್ರ ಪೌಡರ್ ಹಚ್ಚಿ ನೋಡ್ರಿ
ಧಾರವಾಡದ ಜಿಟಿಜಿಟಿ ಮಳ್ಯಾಗ ಕಾರಿನ ಡಿಕ್ಕಿಯೊಳಗ ನೀರು ನಿಲ್ಲತಿದ್ರ ಮೊದಲ ಸೀಲೆಂಟ್ (ಸಂದಿ ಮುಚ್ಚೋ ಅಂಟು) ತರಬ್ಯಾಡ್ರಿ, ಮುಖಕ್ಕ ಹಚ್ಚೋ ಪೌಡರ್ ತರ್ರಿ. ಕಾರ್ಪೆಟ್, ಸ್ಟೆಪ್ನಿ, ಪಕ್ಕದ ಪ್ಲಾಸ್ಟಿಕ್ ತೆಗೆದು ತಗಡು ಪೂರ್ತಿ ಒಣಗಿಸಿ, ಟೇಲ್ ಲ್ಯಾಂಪ್ ಹಿಂದ, ಡಿಕ್ಕಿ ಬಾಗಿಲಿನ ರಬ್ಬರ್ ಸುತ್ತ ಒಳಗಿನಿಂದ ತೆಳ್ಳಗ ಪೌಡರ್ ಹಚ್ರಿ. ಡಿಕ್ಕಿ ಮುಚ್ಚಿ, ಹಿಂದಿನ ಸೀಟ್ ಮಡಚಿ ಒಬ್ಬರು ಟಾರ್ಚ್ ಹಿಡಕೊಂಡು ಒಳಗ ಕೂಡಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಾಗ ಸಣ್ಣಗ ನೀರು ಬಿಡಬೇಕು: ಮೊದಲ ಬಂಪರ್, ಆಮ್ಯಾಲ ಲ್ಯಾಂಪ್, ಕಡೀಕ ಗಾಜು, ಒಂದೊಂದಕ್ಕ 5 ನಿಮಿಷ. ಮ್ಯಾಲಿಂದ ಸುರು ಮಾಡಿದ್ರ ನೀರು ಎಲ್ಲಾ ಕಡೆ ಇಳಿದು ಏನೂ ತಿಳಿಯೂದಿಲ್ಲ. ನೀರು ನಿಲ್ಲೋದು ಸ್ಟೆಪ್ನಿ ಕುಣ್ಯಾಗ, ನುಗ್ಗೋದು ಬ್ಯಾರೆ ಕಡೆ. ಪೌಡರ್ ಮ್ಯಾಲ ಮೂಡಿದ ಒದ್ದಿ ಗೆರಿ ಹಿಡಕೊಂಡು ಮ್ಯಾಲ ಹೋದ್ರ ತೂತು ಸಿಗತೈತಿ. ಬಹಳ ಸಲ ಕಳ್ಳ ಅಂದ್ರ ಟೇಲ್ ಲ್ಯಾಂಪಿನ ಗ್ಯಾಸ್ಕೆಟ್, ಅಂದ್ರ ಲ್ಯಾಂಪಿಗೂ ತಗಡಿಗೂ ನಡುವಿನ ಫೋಮ್ ಪಟ್ಟಿ. ಲ್ಯಾಂಪ್ ಬಿಚ್ಚಿ ಹಳೇ ಫೋಮ್ ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಬ್ಯುಟೈಲ್ ಟೇಪ್ (ಅಂಟಂಟು ರಬ್ಬರ್ ಪಟ್ಟಿ) ಒಂದೇ ತುಂಡಿನಾಗ ಸುತ್ರಿ. ನಟ್ ಬಿಗಿ ಮಾಡೋವಾಗ ಜೋರು ಹಾಕಿದ್ರ ಪ್ಲಾಸ್ಟಿಕ್ ಸೀಳತೈತಿ. ವಿನಿಗರ್ ವಾಸನಿ ಬರೋ ಸಿಲಿಕಾನ್ ಮಾತ್ರ ಬ್ಯಾಡ, ಬಣ್ಣ ಹೋದ ತಗಡಿಗೆ ತುಕ್ಕು ಹಿಡಸತೈತಿ. ಟಾಪ್ ಮಡಚೋ ಕನ್ವರ್ಟಿಬಲ್ ಇದ್ರ (ನಮ್ಮ ಕಡೆ ಅಪರೂಪ, ಇರಲಿ) ಮೊದಲ ಟಾಪಿನ ಬುಡದ ಡ್ರೇನ್ ಪೈಪ್ ನೋಡ್ರಿ, ಧೂಳು, ಬೇವಿನ ಎಲಿ ತುಂಬಿ ಕಟ್ಟಿರತಾವು. ದಪ್ಪ ನೈಲಾನ್ ದಾರ ತೂರಿಸಿ ಬಿಡಿಸ್ರಿ. ಕಂಪ್ರೆಸರ್ ಗಾಳಿ ಹೊಡದ್ರ ಪೈಪ್ ಒಳಗೇ ಕಳಚಬಹುದು. ಗಾಡಿ ಓಡೋವಾಗ ಮಾತ್ರ ನೀರು ಬಂದ್ರ ಈ ಪೌಡರ್ ಉಪಾಯ ನಡಿಯೂದಿಲ್ಲ. ಆವಾಗ ಚಕ್ರ ಎರಚಿದ ನೀರು ತಳದ ರಬ್ಬರ್ ಬಿರಡಿ ಇಲ್ಲಾ ಬಂಪರ್ ಹಿಂದಿನ ಗಾಳಿಕಿಂಡಿಯಿಂದ ಏರತಿರತೈತಿ, ಜ್ಯಾಕ್ ಹಚ್ಚಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು ಕೆಳಗಿಂದ ನೋಡಬೇಕು.