ಗೀಸರ್ ಟ್ಯಾಂಕ್ ತೂತು ಬೀಳದಿರಲು: ಆನೋಡ್ ರಾಡ್ ಬದಲಿಸುವುದು

ಗೀಸರಿನ ಉಕ್ಕಿನ ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳೊಂದು ಇರುತ್ತದೆ; ಆನೋಡ್ ರಾಡ್ ಎಂದರೆ ಇದೇ. ಮೆಗ್ನೀಸಿಯಂ ವಿಭವ (ಲೋಹ ಎಷ್ಟು ಸುಲಭವಾಗಿ ಸವೆಯುತ್ತದೆಂಬ ಅಳತೆ; ಹೆಚ್ಚು ಋಣವಾದದ್ದು ಮೊದಲು ಸವೆಯುತ್ತದೆ) −2.37 ವೋಲ್ಟ್, ಕಬ್ಬಿಣದ್ದು −0.44. ನೀರಿನಲ್ಲಿ ಎರಡೂ ತಾಗಿಕೊಂಡಿದ್ದಷ್ಟು ದಿನ ಸವೆಯುವುದು ಮೆಗ್ನೀಸಿಯಂ. ಅದು ಮುಗಿದರೆ ಟ್ಯಾಂಕಿನ ಸರದಿ. ಬೋರ್‌ವೆಲ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕು.

ಎಂಸಿಬಿಯನ್ನೇ (ಕರೆಂಟ್ ಬೋರ್ಡಿನ ಬ್ರೇಕರ್) ಇಳಿಸಿ; ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ನೀರು ಆರಿದ ಮೇಲೆ ಒಳಬರುವ ವಾಲ್ವ್ ಮುಚ್ಚಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಗೋಡೆಯ ಗೀಸರುಗಳಲ್ಲಿ ಸಾಮಾನ್ಯವಾಗಿ ರಾಡ್ ಇರುವುದು ಎಲಿಮೆಂಟ್ (ನೀರು ಕಾಯಿಸುವ ಕಾಯಿಲ್) ಕೂತ ಫ್ಲ್ಯಾಂಜಿನಲ್ಲೇ, ಅಂದರೆ ನಟ್ಟು ಹಾಕಿ ಬಿಗಿದ ಮುಚ್ಚಳದ ತಟ್ಟೆಯಲ್ಲೇ. ವೈರುಗಳ ಫೋಟೊ ತೆಗೆದುಕೊಂಡು ಬಿಚ್ಚಿ.

ಸರಳಿನ ಮೇಲಿನ ಬಿಳಿ ಪುಡಿಯನ್ನು ಕೆರೆದು ನೋಡಿ. ಮೈಯೆಲ್ಲ ಗುಳಿ ಬಿದ್ದು ಅರ್ಧಕ್ಕಿಂತ ತೆಳುವಾಗಿದ್ದರೆ, ಅಥವಾ ನಡುವಿನ ಉಕ್ಕಿನ ತಂತಿ ಇಣುಕುತ್ತಿದ್ದರೆ ಬದಲಿಸಿ. ವರ್ಷಗಟ್ಟಲೆ ಇದ್ದೂ ಹೊಸದರಂತೇ ಇದ್ದರೆ ಸಂತೋಷಪಡಬೇಡಿ: ಅದಕ್ಕೂ ಟ್ಯಾಂಕಿಗೂ ಸಂಪರ್ಕ ತಪ್ಪಿರಬಹುದು. ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿದಾಗ ಹೀಗಾಗುತ್ತದೆ. ಕೂರಿಸಿದ ಮೇಲೆ, ನೀರು ತುಂಬುವ ಮೊದಲು, ರಾಡಿಗೂ ಟ್ಯಾಂಕಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ಸೊನ್ನೆಯ ಹತ್ತಿರ ಓಮ್ ತೋರಿಸಬೇಕು. (ತಯಾರಕರೇ ನಿರೋಧಕ (ರೆಸಿಸ್ಟರ್) ಹಾಕಿ ಕೊಟ್ಟ ಮಾದರಿಗಳಿಗೆ ಈ ಪರೀಕ್ಷೆ ಹೊಂದದು, ಕೈಪಿಡಿ ನೋಡಿ.)

ಗ್ಯಾಸ್ಕೆಟ್ ಹೊಸದೇ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಬಿಸಿನೀರಿನ ನಲ್ಲಿಯಲ್ಲಿ ಒಂದೇ ಸಮ ಧಾರೆ ಬಂದ ಮೇಲಷ್ಟೇ ಕರೆಂಟ್ ಕೊಡಿ. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಸುಟ್ಟುಹೋಗುತ್ತದೆ.

ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಯೂಮಿನಿಯಂ-ಸತುವಿನ ರಾಡ್ ಹಾಕಿಸಿ. ರಾಡನ್ನೇ ತೆಗೆದುಹಾಕಬೇಡಿ.