ಫಿಟ್ಸ್ ನಿಂತ ಮೇಲೆ ಮಾತು ಮರಳಿದ್ದು ಯಾವಾಗ? ಗಮನಿಸಿ ಬರೆದಿಡುವ ಬಗೆ

ಬಲಗೈ ಬಳಸುವ ನೂರರಲ್ಲಿ ಸುಮಾರು 95 ಮಂದಿಗೆ ಮಾತಿನ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಎಡಚರಲ್ಲಿ ಸುಮಾರು 70 ಮಂದಿಗೆ. ಆದರೆ ಐದಾರು ವರ್ಷ ವಯಸ್ಸಿನೊಳಗೇ ಎಡಭಾಗಕ್ಕೆ ಹಾನಿಯಾಗಿ ಫಿಟ್ಸ್ ಶುರುವಾದವರಲ್ಲಿ ಮಾತು ಬಲಕ್ಕೆ ಸರಿದಿರುವುದೂ, ಎರಡೂ ಕಡೆ ಹಂಚಿಹೋಗಿರುವುದೂ ಉಂಟು. ಫಿಟ್ಸ್‌ಗಾಗಿ ಮೆದುಳಿನ ಆಪರೇಷನ್ ಯೋಚನೆ ಇದ್ದಾಗ ಇದನ್ನು ಊಹೆಗೆ ಬಿಡುವಂತಿಲ್ಲ. ಮನೆಯವರು ಗಡಿಯಾರ ನೋಡಿ ಬರೆದಿಟ್ಟ ನಾಲ್ಕು ಸಾಲು ಇಲ್ಲಿ ನಿಜಕ್ಕೂ ನೆರವಾಗುತ್ತದೆ.

ರೋಗಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಆರೇಳು ಪದಗಳ ಒಂದು ವಾಕ್ಯವನ್ನು ದಪ್ಪಕ್ಷರದಲ್ಲಿ ಕಾರ್ಡಿನ ಮೇಲೆ ಬರೆದಿಡಿ. ಆರಾಮಾಗಿದ್ದಾಗ ಒಮ್ಮೆ ಓದಿಸಿ ನೋಡಿ. ಆಗಲೇ ತಡವರಿಸಿದರೆ ಸುಲಭದ ವಾಕ್ಯ ಆರಿಸಿ.

ಫಿಟ್ಸ್ ಬಂದಾಗ ಮೊದಲು ಸುರಕ್ಷತೆ. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಇಡಬೇಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ನಡುವೆ ಅರ್ಥವಾಗುವಂಥ ಮಾತು ಆಡಿದರೆ ಅದನ್ನೂ ಬರೆದುಕೊಳ್ಳಿ: ಫಿಟ್ಸ್ ಮಾತಿಲ್ಲದ ಭಾಗದಲ್ಲಿ ಹುಟ್ಟಿರಬಹುದು ಎಂಬುದಕ್ಕೆ ಅದು ಒಂದು ಸುಳಿವು.

ಫಿಟ್ಸ್ ನಿಂತ ಕ್ಷಣದಿಂದ ಸಮಯ ಎಣಿಸಿ. ಕಣ್ಣು ಬಿಟ್ಟು ನೋಡತೊಡಗಿದೊಡನೆ ಕಾರ್ಡ್ ಹಿಡಿದು, ಜೋರಾಗಿ ಓದಲು ಹೇಳಿ. ಹತ್ತು ಹದಿನೈದು ಸೆಕೆಂಡಿಗೊಮ್ಮೆ ಮತ್ತೆ ಕೇಳಿ. ಇಡೀ ವಾಕ್ಯ ತಪ್ಪಿಲ್ಲದೆ ಓದಿದ ಹೊತ್ತೇ ಮುಖ್ಯ. ಟೆಂಪೊರಲ್ ಲೋಬ್‌ನಲ್ಲಿ (ಕಿವಿಯ ನೇರಕ್ಕೆ ಇರುವ ಮೆದುಳಿನ ಭಾಗ) ಹುಟ್ಟುವ ಫಿಟ್ಸ್‌ನಲ್ಲಿ, ಸುಮಾರು ಒಂದು ನಿಮಿಷದೊಳಗೆ ಓದಿದರೆ ಮೂಲ ಮಾತಿಲ್ಲದ ಕಡೆ, ಅದಕ್ಕಿಂತ ತಡವಾದರೆ ಮಾತಿರುವ ಕಡೆ ಇರುವ ಸಾಧ್ಯತೆ ಹೆಚ್ಚು. ಇಡೀ ಮೈ ಅದುರಿದ್ದರೆ ಈ ಲೆಕ್ಕ ನಂಬಬೇಡಿ, ಮಂಪರೇ ತಡಮಾಡಿಸುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ: ‘ಹೂಂ’ ಅಂದದ್ದನ್ನೂ, ತನ್ನ ಹೆಸರು ಹೇಳಿದ್ದನ್ನೂ ಮಾತು ಮರಳಿತೆಂದು ಬರೆದುಬಿಡುತ್ತಾರೆ. ಅವು ಅಭ್ಯಾಸಬಲದಿಂದಲೂ ಬರುತ್ತವೆ. ಪೆನ್ನು ತೋರಿಸಿ. ‘ಅದೇ... ಬರೆಯೋದು...’ ಎನ್ನುತ್ತಾ ಗಾಳಿಯಲ್ಲಿ ಗೀಚಿ ತೋರಿಸಿದರೆ ವಸ್ತು ಗೊತ್ತಾಗಿದೆ, ಹೆಸರು ಸಿಕ್ಕಿಲ್ಲ. ‘ಕೈ ಎತ್ತು’ ಅಂದರೆ ಎತ್ತದವರು ನೀವು ಎತ್ತಿದ್ದನ್ನು ನೋಡಿ ಎತ್ತಿದರೆ ಎಚ್ಚರ ಬಂದಿದೆ, ಮಾತು ಬಂದಿಲ್ಲ. ಎರಡೂ ಇಲ್ಲದಿದ್ದರೆ ಇನ್ನೂ ಮಂಪರು. ಮೊಬೈಲಿನಲ್ಲಿ ವಿಡಿಯೊ ತೆಗೆಯಲು ಇನ್ನೊಬ್ಬರಿದ್ದರೆ ಬಹಳ ಒಳ್ಳೆಯದು.

ಫಿಟ್ಸ್ ಇಲ್ಲದ ದಿನಗಳಲ್ಲೂ ಪದಕ್ಕಾಗಿ ತಡಕಾಡುತ್ತಿದ್ದರೆ ಮಾತ್ರೆಗಳನ್ನೂ ನೋಡಿ. ಟೋಪಿರಮೇಟ್ ಎಂಬ ಫಿಟ್ಸ್ ಮಾತ್ರೆಯಿಂದ ಹೀಗಾಗುವುದುಂಟು. ತಾವಾಗಿ ನಿಲ್ಲಿಸಬೇಡಿ, ತೊಂದರೆ ಶುರುವಾದ ದಿನಾಂಕ, ಡೋಸ್ ಬದಲಾದ ದಿನಾಂಕ ಎರಡನ್ನೂ ವೈದ್ಯರಿಗೆ ಹೇಳಿ. ಮಾತಿನ ಜಾಗವನ್ನು ಖಚಿತಪಡಿಸುವುದು ಮೆದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಫಂಕ್ಷನಲ್ ಎಂಆರ್‌ಐ ಸ್ಕ್ಯಾನ್, ಇಲ್ಲವೇ ಮೆದುಳಿನ ಒಂದು ಭಾಗವನ್ನು ಕೆಲವೇ ನಿಮಿಷ ಮಲಗಿಸಿ ಮಾತಾಡಿಸುವ ವಾಡಾ ಪರೀಕ್ಷೆ. ಆ ದಿನ ನಿಮ್ಮ ಕಾರ್ಡ್, ವಿಡಿಯೊ ಜೊತೆಗಿರಲಿ.