ಕಂಸದೊಳಗಿನ ಎರಡು ಹೆಸರು

ಅಮೆರಿಕದ ಡೆಟ್ರಾಯಿಟ್ ಹತ್ತಿರದ ಒಂದು ಗ್ಯಾರೇಜ್ ಸೇಲ್‌ನಲ್ಲಿ ಒಂದು ಡಾಲರ್‌ಗೆ ಸಿಕ್ಕಿದ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು ತಿರುಗುವ) ಗ್ರಾಮಫೋನ್ ರೆಕಾರ್ಡ್ ಅದು. ಅಮೆರಿಕದ ಕಪ್ಪು ಜನರ 'ಸೋಲ್' ಶೈಲಿಯ ಹಾಡು, ಐದು ಹುಡುಗರು. ಅದರಲ್ಲೊಬ್ಬನ ದನಿ ಎಲ್ಲರ ಮೇಲೆ ತೆಳ್ಳಗೆ ಏರಿ ನಿಲ್ಲುತ್ತೆ. ಅವತ್ತು ರಾತ್ರಿ ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ. ನಡುವಿನ ಕಾಗದದ ಲೇಬಲ್ ಮೇಲೆ ತಂಡದ ಹೆಸರಿದೆ, ಊರಿಲ್ಲ, ಇಸವಿಯಿಲ್ಲ. ಹಾಡಿದವರು ಯಾರು ಅಂತ ಹುಡುಕಲು ಹೊರಟೆ.

ಅದೇ ಹೆಸರಿನ ತಂಡವೊಂದು ಷಿಕಾಗೋದಲ್ಲಿ ಇತ್ತು. ಇವರೇ ಅವರು ಅಂದುಕೊಂಡು ಐದು ತಿಂಗಳು ಆ ಕಡೆ ಹುಡುಕಿದೆ. ದಾರಿ ತಪ್ಪಿದ್ದು ಅಲ್ಲೇ. ತಂಡದ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳುತ್ತಿದ್ದ ಕಾಲ ಅದು. 1960ರಲ್ಲಿ ಗೋಲ್ಡಿಸ್ಕ್ ಅನ್ನುವ ರೆಕಾರ್ಡ್ ಕಂಪನಿಗೆ ಹಾಡಿದ ಟೆಂಪ್ಟೇಷನ್ಸ್ ಬೇರೆ, ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಟೆಂಪ್ಟೇಷನ್ಸ್ ಬೇರೆ!

ಆಮೇಲೆ ರೆಕಾರ್ಡನ್ನೇ ಸರಿಯಾಗಿ ನೋಡಿದೆ. ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ಮಧ್ಯೆ ಒಂದು ನುಣುಪು ಪಟ್ಟಿ ಇರುತ್ತಲ್ವಾ, ಅದನ್ನು ಟೇಬಲ್ ಲ್ಯಾಂಪ್ ಕೆಳಗೆ ಓರೆಯಾಗಿ ಹಿಡಿದೆ. ಕೈಯಲ್ಲಿ ಗೀಚಿದ ನಂಬರ್, ಪಕ್ಕದಲ್ಲಿ ಎಆರ್‌ಪಿ ಅನ್ನುವ ಪುಟ್ಟ ಮುದ್ರೆ. ಮಿಷಿಗನ್‌ನ ಒವಾಸೊ ಊರಿನ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್ ಕಾರ್ಖಾನೆಯ ಗುರುತು ಅದು. ಆ ಕಾರ್ಖಾನೆ 1972ರಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಹಾಗಾಗಿ ರೆಕಾರ್ಡ್ ಅದಕ್ಕಿಂತ ಹಳೆಯದು. ಆದರೆ ಷಿಕಾಗೋದ ವೀ-ಜೇ ಕಂಪನಿ ಕೂಡ ಅಲ್ಲಿ ರೆಕಾರ್ಡ್ ಅಚ್ಚು ಹಾಕಿಸಿದೆ. ಹಾಡಿದವರ ಊರು ಅದರಿಂದ ಗೊತ್ತಾಗಲ್ಲ.

ಕೊನೆಗೆ ದಾರಿ ತೋರಿಸಿದ್ದು ಹಾಡಿನ ಹೆಸರಿನ ಕೆಳಗೆ ಕಂಸದಲ್ಲಿದ್ದ ಎರಡು ಮನೆ ಹೆಸರುಗಳು. ಹಾಡು ಬರೆದವರು. ಸಣ್ಣ ಕಂಪನಿಗಳ ರೆಕಾರ್ಡ್‌ಗಳಲ್ಲಿ ತಂಡದ ಹುಡುಗರೇ ಹಾಡು ಬರೆದಿರುವುದು ಜಾಸ್ತಿ. 1972ರ ಫೆಬ್ರವರಿ 15ಕ್ಕೆ ಮುಂಚೆ ಅಮೆರಿಕದಲ್ಲಿ ಧ್ವನಿಮುದ್ರಣಕ್ಕೆ ಫೆಡರಲ್ ಕಾಪಿರೈಟ್ ಇರಲಿಲ್ಲ, ಬರೆದ ಹಾಡಿಗೆ ಮಾತ್ರ ಇತ್ತು. ಅದಕ್ಕೇ ಸರ್ಕಾರದ ಕಾಪಿರೈಟ್ ಕ್ಯಾಟಲಾಗ್‌ನಲ್ಲಿ ಹಾಡಿನ ಹೆಸರು ಹಿಡಿದು ಹುಡುಕಬೇಕು. ಹಳೆ ಸಂಪುಟಗಳು ಸ್ಕ್ಯಾನ್ ಆಗಿ ಇಂಟರ್ನೆಟ್‌ನಲ್ಲೇ ಸಿಗುತ್ತವೆ. 1966ರ ಸಂಪುಟದಲ್ಲಿ ಇಬ್ಬರ ಪೂರ್ತಿ ಹೆಸರೂ ಇತ್ತು.

ಹೆಸರು ಸಿಕ್ಕ ಮೇಲೆ ಡೆಟ್ರಾಯಿಟ್ ಸಾರ್ವಜನಿಕ ಗ್ರಂಥಾಲಯದ ಬರ್ಟನ್ ಸಂಗ್ರಹಕ್ಕೆ ಹೋದೆ. ಅಲ್ಲಿನ ಹಳೆ ನಗರ ಡೈರೆಕ್ಟರಿಯಲ್ಲಿ ಒಬ್ಬರ ವಿಳಾಸ ಸಿಕ್ಕಿತು: 12ನೇ ಬೀದಿ. ಇವತ್ತಿನ ನಕ್ಷೆಯಲ್ಲಿ ಆ ಹೆಸರು ಹುಡುಕಿದರೆ ಸಿಗಲ್ಲ. 1967ರ ಡೆಟ್ರಾಯಿಟ್ ಗಲಭೆ ಹೊತ್ತಿಕೊಂಡಿದ್ದೇ ಆ ಬೀದಿಯಲ್ಲಿ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಹೆಸರು ಬಂತು.

ಅಲ್ಲಿಂದ ಹಿಡಿದು ಅವರ ತಮ್ಮನನ್ನು ಹುಡುಕಿ ಕಾಗದ ಬರೆದೆ. ಮೂರು ವಾರಕ್ಕೆ ಹಾಡು ಬರೆದ ಆ ಅಣ್ಣನೇ ಫೋನ್ ಮಾಡಿದರು. ತಂಡದ ನಾಲ್ವರ ಹೆಸರನ್ನೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, ನಾನು ಬರೆದುಕೊಂಡೆ. ಐದನೆಯವನು, ಆ ತೆಳ್ಳನೆ ದನಿಯವನು, ರೆಕಾರ್ಡಿಂಗ್ ದಿನ ಬೇರೆ ತಂಡದಿಂದ ಕರೆಸಿಕೊಂಡ ಹುಡುಗನಂತೆ. ಅವನ ಮನೆ ಹೆಸರು ಅವರಿಗೆ ನೆನಪಿಲ್ಲ.

ಈಗ ಪ್ರತಿ ಶನಿವಾರ 'ಮಿಷಿಗನ್ ಕ್ರಾನಿಕಲ್' ಪತ್ರಿಕೆಯ ಮೈಕ್ರೋಫಿಲ್ಮ್ ಮುಂದೆ ಕೂರುತ್ತೇನೆ, ಟ್ಯಾಲೆಂಟ್ ಶೋ ಜಾಹೀರಾತುಗಳಲ್ಲಿ ಅವನ ಹೆಸರು ಹುಡುಕುತ್ತಾ. 1966ರ ಏಪ್ರಿಲ್‌ವರೆಗೆ ಬಂದಿದ್ದೇನೆ.